ಸಂಜೆ ಆರಕ್ಕೆ ಬಕೆಟ್ ಮುಚ್ಚಬೇಕು

ಎಲ್ಲರಿಗೂ ನಮಸ್ಕಾರ. ಈ ಸಲದ ಸಂಚಿಕೆ ತಡವಾಗಿದೆ, ಕ್ಷಮಿಸಿ. ಗಣೇಶನ ಹಬ್ಬದ ಓಡಾಟ, ಅದರ ಬೆನ್ನಿಗೇ ಮಕ್ಕಳ ಶಾಲೆ ಶುರು, ಆಮೇಲೆ ಮನೆಮಂದಿಗೆಲ್ಲ ಸರದಿ ಮೇಲೆ ನೆಗಡಿ. ಈಗ ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಪುಟಗಳನ್ನೆಲ್ಲ ಪ್ರಿಂಟಿಗೆ ಕಳಿಸಬೇಕು, ಈ ಒಂದು ಪುಟ ಮಾತ್ರ ಖಾಲಿ ಇದೆ. ಹಬ್ಬದ ಬಗ್ಗೆ ಬರೆಯೋಣ ಅಂತ ಕೂತೆ, ಆದರೆ ಒಂದು ತಿಂಗಳಿಂದ ನನ್ನ ತಲೆಯಲ್ಲಿ ತುಂಬಿರುವುದು ಅವರೆ ಗಿಡ. ಅದನ್ನೇ ಬರೆಯುತ್ತೇನೆ.

ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಕನ್ನಡ ಬಳಗದ ಅಲಾಟ್‌ಮೆಂಟಿಗೆ, ಅಂದರೆ ತರಕಾರಿ ಬೆಳೆಯೋಕೆ ಊರಿನ ಕೌನ್ಸಿಲ್ ಬಾಡಿಗೆಗೆ ಕೊಡುವ ತುಂಡು ಜಮೀನಿಗೆ, ಬೇಸಿಗೆಯಲ್ಲಿ ಬಂದವರು ನೋಡಿರುತ್ತೀರಿ. ಮೇ ಕೊನೆಯಲ್ಲಿ ನೆಟ್ಟ ನಾಟಿ ಅವರೆ ಜುಲೈ ಮುಗಿಯುವಷ್ಟರಲ್ಲಿ ಆರಡಿ ಕೋಲು ದಾಟಿ, ಹಿಡಿಯೋಕೆ ಏನೂ ಸಿಗದೆ ಗಾಳಿಯಲ್ಲಿ ಕೈ ಆಡಿಸುತ್ತಿತ್ತು. ಎಲೆ ಅಂದರೆ ಅಂಗೈ ಅಗಲ, ಕಡು ಹಸಿರು. ಪಕ್ಕದ ಪ್ಲಾಟಿನ ಅಜ್ಜಿಯ ರನ್ನರ್ ಬೀನ್ಸ್ ಕೆಂಪಗೆ ಹೂ ಬಿಟ್ಟು, ಕಾಯಿ ಕಟ್ಟಿ, ಅವರು ಬುಟ್ಟಿಗಟ್ಟಲೆ ಕಿತ್ತು ನಮಗೂ ಕೊಟ್ಟರು. ನಮ್ಮ ಅವರೆಯಲ್ಲಿ ಒಂದು ಮೊಗ್ಗೂ ಇಲ್ಲ. ಗೊಬ್ಬರ ಜಾಸ್ತಿ ಆಯ್ತು ಅಂದರು ಒಬ್ಬರು, ನೀರು ಜಾಸ್ತಿ ಅಂದರು ಇನ್ನೊಬ್ಬರು. ಆಗಸ್ಟ್ ಮೊದಲ ಶನಿವಾರ ನನ್ನ ಏಳು ವರ್ಷದ ಮಗಳು ನೀರಿನ ಕ್ಯಾನ್ ಹಿಡಿದುಕೊಂಡು ಬಳ್ಳಿಯನ್ನೇ ನೋಡುತ್ತಾ ನಿಂತವಳು ಕೇಳಿದಳು: "ಅಮ್ಮಾ, ನಾವು ಊರು ಬಿಟ್ಟು ಬಂದಿದ್ದೀವಿ ಅಂತ ಇದಕ್ಕೆ ಯಾರೂ ಹೇಳೇ ಇಲ್ವಾ?"

ಅವತ್ತು ರಾತ್ರಿ ಕೂತು ಓದಿದೆ. ಮಗು ಹೇಳಿದ್ದೇ ಸರಿ. ನಮ್ಮ ನಾಟಿ ಅವರೆ ಹೂ ಬಿಡುವ ಹೊತ್ತನ್ನು ರಾತ್ರಿಯ ಉದ್ದ ನೋಡಿ ತಿಳಿಯುತ್ತದೆ. ಹಗಲು ಚಿಕ್ಕದಾಗುತ್ತಾ, ರಾತ್ರಿ ಉದ್ದವಾಗುತ್ತಾ ಬಂದರೆ ಮಾತ್ರ ಅದಕ್ಕೆ ಹೂವಿನ ಯೋಚನೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಅಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆ ಮುಟ್ಟುವುದಿಲ್ಲ. ನಮ್ಮ ಈ ಮಿಡ್‌ಲ್ಯಾಂಡ್ಸ್ 52 ಡಿಗ್ರಿ ದಾಟಿದೆ, ಜೂನ್‌ನಲ್ಲಿ ಹದಿನಾರೂ ಮುಕ್ಕಾಲು ಗಂಟೆ ಹಗಲು. ಅವರೆಗೆ ಬೇಕಾದಷ್ಟು ಉದ್ದದ ರಾತ್ರಿ ಇಲ್ಲಿ ಬರುವುದು ಸೆಪ್ಟೆಂಬರ್ ಕೊನೆಗೆ. ಆಗ ಅದು ಹೂ ಬಿಡೋಕೆ ಸಜ್ಜಾಗುತ್ತದೆ, ಕಾಯಿ ಕಟ್ಟುವ ಮೊದಲೇ ಇಬ್ಬನಿ ಹೆಪ್ಪುಗಟ್ಟುವ ಚಳಿ ಬಂದು ಬಳ್ಳಿ ಕರಗಿಹೋಗುತ್ತದೆ. ಎಂಟು ವರ್ಷದಿಂದ ನಮ್ಮಲ್ಲಿ ಎಷ್ಟು ಜನ ಅವರೆ ಹಾಕಿ, ಬೀಜ ಸರಿಯಿಲ್ಲ ಅಂದುಕೊಂಡು ಕೈಬಿಟ್ಟಿದ್ದೀವಿ ಅಲ್ವಾ? ಬೀಜದ ತಪ್ಪು ಒಂದಿಷ್ಟೂ ಇರಲಿಲ್ಲ.

ಅದೇ ಓದಿನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಗಿಡಗಳ ಈ ಲೆಕ್ಕವನ್ನು 1920ರಲ್ಲಿ ವಿವರವಾಗಿ ಬರೆದು ತೋರಿಸಿದವರು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಅನ್ನುವ ಇಬ್ಬರು ವಿಜ್ಞಾನಿಗಳು. ಹೊಗೆಸೊಪ್ಪು, ಸೋಯಾ ಗಿಡಗಳ ಕುಂಡಗಳನ್ನು ಬಿಸಿಲಿರುವಾಗಲೇ ಒಂದು ಕತ್ತಲೆ ಗೂಡಿಗೆ ಸೇರಿಸಿ, ಮರುದಿನ ತಡವಾಗಿ ಆಚೆ ತೆಗೆದು ನೋಡುತ್ತಿದ್ದರಂತೆ. ಇದನ್ನು ಮಗಳಿಗೆ ಹೇಳಿದ್ದೇ ತಡ, ಅವಳು ಹಿತ್ತಲಿಗೆ ಓಡಿ ದೊಡ್ಡ ಕಪ್ಪು ಬಕೆಟ್ ತಂದಳು. ಮನೆ ಹಿಂದಿನ ಕುಂಡದಲ್ಲಿ ಮೊಣಕಾಲೆತ್ತರದ ಒಂದು ಅವರೆ ಗಿಡ ಇತ್ತು, ಕುಡಿ ಚಿವುಟಿ ಚಿವುಟಿ ಗಿಡ್ಡವಾಗೇ ಉಳಿದಿತ್ತು. ಆಗಸ್ಟ್ ಎರಡನೇ ವಾರದಿಂದ ದಿನಾ ಸಂಜೆ ಆರಕ್ಕೆ ಬಕೆಟ್ ಬೋರಲು ಹಾಕುತ್ತಾಳೆ, ಬೆಳಕು ನುಸುಳದ ಹಾಗೆ ಅಂಚಿಗೆ ಹಳೇ ಟವೆಲ್ ಸುತ್ತುತ್ತಾಳೆ, ಬೆಳಿಗ್ಗೆ ಎಂಟಕ್ಕೆ ತೆಗೆಯುತ್ತಾಳೆ. ಹದಿನಾಲ್ಕು ಗಂಟೆ ರಾತ್ರಿ. ಹೊರಗೆ ಬಿಸಿಲು ಹೊಳೆಯುತ್ತಿರುತ್ತೆ, ಗಿಡಕ್ಕೆ ಮಾತ್ರ ಮಾಗಿ.

ಮಾಗಿ ಅಂದ ತಕ್ಷಣ ನನಗೆ ಅಜ್ಜಿ ಊರು. ಮಾಗಡಿ ಹತ್ತಿರ. ಅಲ್ಲಿ ಅವರೆಗೆ ಅಂತ ಬೇರೆ ಹೊಲ ಇರಲಿಲ್ಲ. ರಾಗಿ ಹೊಲದಲ್ಲೇ ಅಕ್ಕಡಿ ಸಾಲು, ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ. ತಾತ ಕೂರಿಗೆ ಹೊಡೆಯುತ್ತಿದ್ದರೆ ಅಜ್ಜಿ ಮಡಿಲಲ್ಲಿ ಬೀಜ ಕಟ್ಟಿಕೊಂಡು ಹಿಂದೆ ಹಿಂದೆ. ರಾಗಿ ಇರುವಷ್ಟು ದಿನ ಅವರೆ ತನ್ನ ಪಾಡಿಗೆ ತಾನು ಸುಮ್ನೆ ಇರುತ್ತಿತ್ತು. ರಾಗಿ ಕೊಯ್ದು ಹೊಲ ಬಯಲಾಯಿತೋ, ಕೂಳೆ ಮೇಲೆಲ್ಲ ಹಬ್ಬಿ, ಬಿಳಿ ಹೂವೋ ಹೂವು. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಹೊಲಕ್ಕೆ ಹೋದರೆ ಲಂಗ ಮಂಡಿ ತನಕ ಇಬ್ಬನಿಗೆ ತೊಯ್ದು ಕಾಲಿಗೆ ಅಂಟಿಕೊಳ್ಳುತ್ತಿತ್ತು. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತೆ ಅನ್ನುತ್ತಿದ್ದರು ತಾತ. ಸೊಗಡು ಅಂದರೇನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಾಯಿಯ ಮೇಲೆ ಕೈಯಿಟ್ಟರೆ ಸಾಕು, ಎಣ್ಣೆಯಂಥ ಜಿಡ್ಡು ಬೆರಳಿಗೆ ಹತ್ತುತ್ತಿತ್ತು.

ಸಂಜೆ ಒಂದು ಮೂಟೆ ನಡುಮನೆಯಲ್ಲಿ ಸುರಿಯುತ್ತಿದ್ದರು. ಕರೆಂಟ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅಜ್ಜಿ, ಅತ್ತೆಯರು, ಪಕ್ಕದ ಮನೆಯವರು, ನಾವು ಮಕ್ಕಳು ಎಲ್ಲರೂ ಸುತ್ತ ಕೂತು ಸುಲಿಯೋದು. ಕಾಯೊಳಗೆ ಹಸಿರು ಹುಳ ಸಿಕ್ಕರೆ ನಾವು ಕಿರುಚೋದು, ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಸಿಪ್ಪೆ ಗುಡ್ಡೆಗೆ ಹಾಕಿ ಮಾತು ಮುಂದುವರಿಸೋದು. ಸಿಪ್ಪೆ ಹಸುವಿಗೆ. ಕಾಳು ದೊಡ್ಡ ಪಾತ್ರೆಯಲ್ಲಿ ರಾತ್ರಿಯೆಲ್ಲ ನೆನೆಯಬೇಕು. ಬೆಳಿಗ್ಗೆ ಹಿತುಕೋದು. ಹೆಬ್ಬೆರಳು ತೋರುಬೆರಳ ಮಧ್ಯೆ ಕಾಳು ಹಿಡಿದು ಒಂಚೂರು ಒತ್ತಿದರೆ ಬೇಳೆ ಪುಳಕ್ ಅಂತ ಆಚೆ ಬರುತ್ತೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತೆ. ಒತ್ತು ಹೆಚ್ಚಾದರೆ ಬೇಳೆ ಹಾರಿ ಗೋಡೆಗೆ. ಒಂದ್ಸಲ ನನ್ನದು ನೇರ ಚಿಕ್ಕಪ್ಪನ ಕಾಫಿ ಲೋಟಕ್ಕೆ ಬಿತ್ತು. ಅಜ್ಜಿ ಕಾಳಿನ ಕಡೆ ನೋಡುತ್ತಲೇ ಇರಲಿಲ್ಲ. ಎರಡೂ ಕೈಯಲ್ಲಿ ಎರಡು ಕಾಳು, ಕಣ್ಣು ಬಾಗಿಲ ಕಡೆ, ಬಾಯಲ್ಲಿ ಊರಿನ ಸುದ್ದಿ, ಬಟ್ಟಲಿಗೆ ಟಪ ಟಪ ಅಂತ ಬೇಳೆ. ನಮ್ಮ ಬೆರಳ ತುದಿ ನೀರಿಗೆ ಸುಕ್ಕಾಗಿ ಕಪ್ಪಗಾಗುತ್ತಿತ್ತು, ಸೋಪು ಹಾಕಿ ತಿಕ್ಕಿದರೂ ಸೊಗಡಿನ ವಾಸನೆ ಹೋಗುತ್ತಿರಲಿಲ್ಲ. ಜನವರಿಯಲ್ಲಿ ಶಾಲೆಗೆ ಹೋದರೆ ಇಡೀ ತರಗತಿಯ ಕೈ ಒಂದೇ ವಾಸನೆ.

ಮಧ್ಯಾಹ್ನಕ್ಕೆ ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ. ಅಷ್ಟೇ. ಸಂಕ್ರಾಂತಿಗೆ ಉಪ್ಪು ನೀರಲ್ಲಿ ಬೇಯಿಸಿದ ಇಡೀ ಅವರೆಕಾಯಿ, ಜೊತೆಗೆ ಗೆಣಸು, ಕಡಲೆಕಾಯಿ. ಇಲ್ಲಿ ಅಂಗಡಿ ಫ್ರೀಜರ್‌ನಲ್ಲಿ ಪಾಪ್ಡಿ ಲೀಲ್ವಾ ಅಂತ ಗುಜರಾತಿ ಹೆಸರಲ್ಲಿ ಸಿಗೋದು ಅವರೆಯೇ, ನಾವೆಲ್ಲ ಅದರಲ್ಲೇ ಸಂಕ್ರಾಂತಿ ಮಾಡ್ತೀವಿ. ಆದರೆ ಪ್ಯಾಕೆಟ್ ಕತ್ತರಿಸಿದಾಗ ಕೈಗೆ ಏನೂ ಹತ್ತೋದಿಲ್ಲ.

ಈಗ ಅಲಾಟ್‌ಮೆಂಟ್ ವಿಷಯ. ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಪ್ಲಾಟನ್ನು ಇಷ್ಟು ವರ್ಷ ನೋಡಿಕೊಂಡ, ನಾವೆಲ್ಲ ಮಾವ ಅಂತಲೇ ಕರೆಯುತ್ತಿದ್ದ ಹಿರಿಯರು ಕಳೆದ ತಿಂಗಳು ಅತ್ತೆಯವರ ಜೊತೆ ಹಾಸನಕ್ಕೆ ವಾಪಸ್ ಹೋದರು. 2014ರ ಮೇ 1ರಿಂದ ಯುರೋಪಿಗೆ ಭಾರತದ ಮಾವು, ಹಾಗಲ, ಬದನೆ, ಪಡವಲ, ಕೆಸು ಬರೋದು ನಿಂತಿತ್ತಲ್ಲ, ಹಣ್ಣಿನ ನೊಣ ಸಿಕ್ಕಿದ್ದಕ್ಕೆ? ಮಾವಿನ ತಡೆ ಮಾರನೇ ವರ್ಷ ತೆರವಾಯಿತು. ಆದರೆ ಪತ್ರೊಡೆಗೆ ಎಲೆ ಇಲ್ಲ, ಹಾಗಲ ಇಲ್ಲ ಅಂತ ನಾವೆಲ್ಲ ಗೊಣಗುತ್ತಾ ಕೂತಿದ್ದ ಆ ದಿನಗಳಲ್ಲಿ ಮಾವ ಕೌನ್ಸಿಲ್‌ಗೆ ಅರ್ಜಿ ಹಾಕಿದರು. ಕೇಳಿದವರಿಗೆ ಜಮೀನು ಒದಗಿಸಬೇಕು ಅಂತ 1908ರ ಕಾನೂನೇ ಇದೆ, ಆದರೆ ಸರದಿ ಬರೋಕೆ ವರ್ಷಗಳೇ ಬೇಕು. ಮೂರು ವರ್ಷ ಕಾದು ಪೂರ್ತಿ 10 ರಾಡ್ ಸಿಕ್ಕಿತು, ಅಂದರೆ ಹತ್ತಿರ ಹತ್ತಿರ 250 ಚದರ ಮೀಟರ್. ಮೊದಲ ವರ್ಷ ಬರೀ ಮುಳ್ಳುಪೊದೆ ಕಡಿದರು. ಆಮೇಲೆ ಮೆಂತ್ಯ, ಕೊತ್ತಂಬರಿ, ದಂಟು, ಪಾಲಿಥೀನ್ ಮನೆಯೊಳಗೆ ಹಾಗಲ. ದಂಟಿನ ಬೀಜ ಕೊಟ್ಟಿದ್ದು ಜಮೈಕಾದ ಹಿರಿಯರೊಬ್ಬರು, ಅವರ ಭಾಷೆಯಲ್ಲಿ ಅದು ಕಲಾಲೂ. ಮಾವ ಅವರಿಗೆ ದಂಟಿನ ಹುಳಿ ಕೊಟ್ಟರು, ಅವರು ಮಾವನಿಗೆ ಉಪ್ಪುಮೀನು ಹಾಕದೆ ಬೇರೆಯಾಗಿ ಮಾಡಿದ ಕಲಾಲೂ ಪಲ್ಯ ತಂದರು.

ಹೊರಡುವ ಮುಂಚಿನ ದಿನ ಮಾವ ಪ್ಲಾಟಿನ ಶೆಡ್ ಬೀಗದ ಕೈ ನನ್ನ ಕೈಗೆ ಕೊಟ್ಟು, ಗುದ್ದಲಿ ಕಾವು ಸಡಿಲ ಇದೆ ನೋಡ್ಕೊಳ್ಳಮ್ಮ ಅಂದರು. ಬೇರೇನೂ ಹೇಳಲಿಲ್ಲ. ನನಗೂ ಮಾತು ಬರಲಿಲ್ಲ.

ಅವರು ಹೋದ ಮೇಲೆ ಅಲ್ಲಿಗೆ ಹೋಗುತ್ತಿರುವವರು ಮೂರು ಮನೆಯವರು. ಅರ್ಧ ಜಾಗ ಈಗಲೇ ಕಳೆ. ಸಾಗು ಮಾಡದೆ ಬಿಟ್ಟರೆ ಕೌನ್ಸಿಲ್ ನೋಟಿಸ್ ಕೊಟ್ಟು ವಾಪಸ್ ತೆಗೆದುಕೊಳ್ಳಬಹುದು, ಮತ್ತೆ ಸಾಲಲ್ಲಿ ನಿಲ್ಲಬೇಕು. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು, ತಿಂಗಳಿಗೆ ಒಂದೇ ಒಂದು ಸಲ ಬಂದರೂ ಸಾಕು. ಗುದ್ದಲಿ ಹಿಡಿದು ಅಭ್ಯಾಸ ಇಲ್ಲದಿದ್ದರೂ ಬನ್ನಿ. ಊರಿಂದ ಬಂದಿರುವ ಅಪ್ಪ ಅಮ್ಮಂದಿರನ್ನು ಕರೆತನ್ನಿ, ಮನೆಯೊಳಗೆ ಕಿಟಕಿ ನೋಡುತ್ತಾ ಕೂತಿರುತ್ತಾರೆ, ಮಣ್ಣು ಕಂಡರೆ ಅವರ ಮುಖವೇ ಬೇರೆ ಆಗುತ್ತೆ. ನಾನು ಕಣ್ಣಾರೆ ಕಂಡಿದ್ದೇನೆ.

ಕಾರ್ಯಕ್ರಮಗಳು, ಜಾಗ ಕಡಿಮೆ ಇರುವುದರಿಂದ ಒಟ್ಟಿಗೇ ಹೇಳಿಬಿಡುತ್ತೇನೆ. ಅಕ್ಟೋಬರ್ ಎರಡನೇ ಶನಿವಾರ ಮಧ್ಯಾಹ್ನ ಎರಡಕ್ಕೆ ನಮ್ಮ ಮಾಮೂಲಿ ಹಾಲ್‌ನಲ್ಲಿ ಬೀಜ ಹಂಚಿಕೆ. ಬೀಜ ಚೆನ್ನಾಗಿ ಒಣಗಿಸಿ ಕಾಗದದ ಲಕೋಟೆಯಲ್ಲಿ ತನ್ನಿ, ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಹಿಡಿಯುತ್ತೆ, ಮೇಲೆ ಹೆಸರು, ಬೆಳೆದ ವರ್ಷ ಬರೆಯಿರಿ. ಅಕ್ಟೋಬರ್ 21 ಇಲ್ಲಿ ಆ್ಯಪಲ್ ಡೇ, 1990ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಶುರುವಾಗಿದ್ದು, ಅದರ ಹತ್ತಿರದ ಭಾನುವಾರ ಪಕ್ಕದ ಸಮುದಾಯದ ತೋಟದಲ್ಲಿ ಸೇಬು ಕೊಯ್ದು ರಸ ತೆಗೆಯುತ್ತಾರೆ, ನಮ್ಮನ್ನೂ ಕರೆದಿದ್ದಾರೆ. ಬ್ರಾಮ್ಲಿ ಸೇಬಿನ ಉಪ್ಪಿನಕಾಯಿ ಹಾಕೋದು ಹೇಗೆ ಅಂತ ಅಲ್ಲೇ ತೋರಿಸುತ್ತೇವೆ. ನಮ್ಮ ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್‌ನಲ್ಲಿ 1809ರಲ್ಲಿ ಒಬ್ಬ ಹುಡುಗಿ ಹಾಕಿದ ಬೀಜದಿಂದ ಬಂದ ಹಣ್ಣು ಅದು, ಮಾವಿನಕಾಯಿ ಇಲ್ಲದ ಊರಲ್ಲಿ ಅದರ ಹುಳಿ ನಮ್ಮನ್ನು ಕಾಪಾಡಿದೆ. ರಾಜ್ಯೋತ್ಸವದ ಊಟಕ್ಕೆ ಹೆಸರು ಕೊಡಲು ಅಕ್ಟೋಬರ್ 15 ಕೊನೆ, ಬಡಿಸಲು ಆರು ಜನ ಬೇಕು. ರಾಜ್ಯೋತ್ಸವ ಆದ ಮಾರನೇ ಭಾನುವಾರ ಪ್ಲಾಟಿನಲ್ಲಿ ಬ್ರಾಡ್ ಬೀನ್ಸ್ ಬಿತ್ತನೆ, ತಳಿ ಅಕ್ವಾಡಲ್ಸ್ ಕ್ಲಾಡಿಯಾ. ಚಳಿಗಾಲ ತಡೆದುಕೊಂಡು ಬೇಸಿಗೆ ಶುರುವಿಗೆ ಕಾಯಿ ಕೊಡುತ್ತೆ.

ಬ್ರಾಡ್ ಬೀನ್ಸ್ ಯಾಕೆ ಅಂದರೆ, ಜೂನ್‌ನಲ್ಲಿ ಪಕ್ಕದ ಪ್ಲಾಟಿನ ಅಜ್ಜಿ ಅದನ್ನು ಸುಲಿದು, ಎರಡು ನಿಮಿಷ ಬಿಸಿನೀರಲ್ಲಿ ಅದ್ದಿ, ಹೆಬ್ಬೆರಳಲ್ಲಿ ಒತ್ತಿ ಮೇಲಿನ ಸಿಪ್ಪೆ ತೆಗೆಯುತ್ತಿದ್ದರು. ನಾನು ಹಾಗೇ ನಿಂತುಬಿಟ್ಟೆ. ಅದೇ ಬೆರಳು, ಅದೇ ಒತ್ತು. ಅವತ್ತೇ ಮನೆಗೆ ತಂದು ಸಾರು ಮಾಡಿದೆ. ಸೊಗಡು ಇಲ್ಲ, ನಿಜ. ಆದರೆ ವಿಡಿಯೋ ಕಾಲ್‌ನಲ್ಲಿ ಅಮ್ಮ ಬಟ್ಟಲು ನೋಡಿ, ಇಷ್ಟು ದಪ್ಪ ಅವರೆ ಎಲ್ಲಿ ಸಿಕ್ಕಿತೇ ಅಂತ ಕೇಳಿದರು.

ಬೀಜದ ಬಗ್ಗೆ ಒಂದು ಮಾತು. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಬೀಜ ತರಬೇಡಿ, ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ತರುವ ಹಾಗಿಲ್ಲ. ರೋಗ, ಹುಳ ಬಂದರೆ ಕೆಡುವುದು ನಮ್ಮ ಅಕ್ಕಪಕ್ಕದವರ ತೋಟವೇ. ಹಗಲಿನ ಉದ್ದಕ್ಕೆ ತಲೆ ಕೆಡಿಸಿಕೊಳ್ಳದ ಅವರೆ ತಳಿಗಳಿವೆ: ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ-3, ಎಚ್‌ಎ-4, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್. ಈಗ ಬೆಂಗಳೂರಲ್ಲಿ ವರ್ಷವಿಡೀ ಅವರೆಕಾಯಿ ಸಿಗೋದು ಇಂಥ ತಳಿಗಳಿಂದ. ಇವನ್ನು ಸರಿಯಾದ ದಾರಿಯಲ್ಲಿ ತರಿಸುವ ಬಗ್ಗೆ ತಿಳಿದವರು ಬಳಗದಲ್ಲಿ ಇದ್ದರೆ ಮುಂದೆ ಬನ್ನಿ. ಕಾವೆಂಟ್ರಿ ಹತ್ತಿರದ ರೈಟನ್‌ನಲ್ಲಿರುವ ಗಾರ್ಡನ್ ಆರ್ಗ್ಯಾನಿಕ್ ಸಂಸ್ಥೆ ಹಿಂದೆ ಸೋಯಿಂಗ್ ನ್ಯೂ ಸೀಡ್ಸ್ ಅನ್ನುವ ಯೋಜನೆಯಲ್ಲಿ, ಬೇರೆ ದೇಶಗಳಿಂದ ಬಂದು ಮಿಡ್‌ಲ್ಯಾಂಡ್ಸ್‌ನಲ್ಲಿ ನೆಲೆಸಿದವರು ಬೆಳೆಯುವ ಬೆಳೆಗಳ ಬೀಜವನ್ನೂ ಕತೆಯನ್ನೂ ಸಂಗ್ರಹಿಸಿತ್ತು. ನಮ್ಮ ಮಾವನಂಥವರ ಅನುಭವವನ್ನು ನಾವೂ ಬರೆದಿಡಬೇಕು ಅಂತ ನನಗೆ ತುಂಬಾ ಆಸೆ. ಟೈಪ್ ಮಾಡೋಕೆ ಒಬ್ಬರು ಸಿಕ್ಕರೂ ಸಾಕು. ಈ ಪತ್ರಿಕೆಯನ್ನು ಒಬ್ಬಳೇ ಹೊರಡಿಸುವುದು ನನಗೆ ಕಷ್ಟ ಆಗುತ್ತಿದೆ, ಮುಚ್ಚಿಡುವುದಿಲ್ಲ.

ಪ್ಲಾಟಿನ ಬಳ್ಳಿಯಲ್ಲಿ ಇವತ್ತಿಗೂ ಮೊಗ್ಗಿಲ್ಲ. ಬಕೆಟ್ ಕೆಳಗಿನ ಗಿಡದಲ್ಲಿ ನಿನ್ನೆ ಬೆಳಿಗ್ಗೆ, ಮೂರನೇ ಎಲೆಯ ಬುಡದಿಂದ, ಬೆರಳುದ್ದದ ಒಂದು ತೆನೆ ಎದ್ದಿದೆ. ಅಕ್ಕಿಕಾಳಿನಷ್ಟು ದಪ್ಪದ ಮೊಗ್ಗು ಒಂಬತ್ತು. ಮಗಳು ಮೂರು ಸಲ ಎಣಿಸಿದ್ದಾಳೆ. ಮುಂದಿನ ಶುಕ್ರವಾರದಿಂದ ಸೋಮವಾರದವರೆಗೆ ನಾವು ಲಂಡನ್ನಿಗೆ ಮದುವೆಗೆ ಹೋಗುತ್ತಿದ್ದೇವೆ. ಹಿತ್ತಲ ಗೇಟಿಗೆ ಬೀಗ ಹಾಕುವುದಿಲ್ಲ. ಸಂಜೆ ಆರಕ್ಕೆ ಮುಚ್ಚಿ ಬೆಳಿಗ್ಗೆ ಎಂಟಕ್ಕೆ ತೆಗೆಯೋಕೆ ಹತ್ತಿರದಲ್ಲಿರುವ ಯಾರಾದರೂ ಬರ್ತೀರಾ? ಟವೆಲ್ ಬಕೆಟ್ ಮೇಲೇ ಇರುತ್ತೆ. ತೆನೆ ಬಾಗಿಲ ಕಡೆ ಬಾಗಿದೆ, ಬಕೆಟ್ ಇಡುವಾಗ ಆ ಕಡೆ ತಗುಲದ ಹಾಗೆ ನಿಧಾನಕ್ಕೆ ಇಡಿ.