ಅರ್ಧ ಬೆಲೆ ಅಂದರೆ ಯಾವುದರ ಅರ್ಧ?

ಬೆಂಗಳೂರು

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ನೀನು ಕಳಿಸಿದ ಲ್ಯಾಪ್‌ಟಾಪ್ ಜಾಹೀರಾತು ನೋಡಿದೆ. 39,990 ರೂಪಾಯಿಯದು 21,990ಕ್ಕೆ, ಶೇ. 45 ಡಿಸ್ಕೌಂಟ್, ಅದೂ ಇವತ್ತು ರಾತ್ರಿವರೆಗೆ ಮಾತ್ರ. ಆ ಗಡುವಿಗೆ ಹೆದರಬೇಡ. ಬಿ.ಸಿ.ಎ. ಕ್ಲಾಸು ಶುರುವಾಗಲು ಇನ್ನೂ ದಿನಗಳಿವೆ, ಇಂಥ ಆಫರ್ ಬೇರೆ ಹಬ್ಬದ ಹೆಸರಿನಲ್ಲಿ ಮತ್ತೆ ಬಂದೇ ಬರುತ್ತದೆ.

39,990 ಅಂತಿರುವುದು ಡಬ್ಬದ ಮೇಲಿನ ಎಂ.ಆರ್.ಪಿ. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ, ಅಷ್ಟೇ ಅದರ ಅರ್ಥ. ಮಾಮೂಲಿ ದಿನಗಳಲ್ಲಿ ಎಷ್ಟಕ್ಕೆ ಮಾರುತ್ತಿದ್ದರು ಅನ್ನುವುದು ಬೇರೆಯೇ ಲೆಕ್ಕ. ನಿಮ್ಮಮ್ಮ ಆಷಾಢದ ಸೇಲಿನಲ್ಲಿ ಬೋರ್ಡು ಓದದೆ ಸೀರೆಯ ಸೆರಗು ತಿರುಗಿಸಿ ನೋಡುತ್ತಾಳಲ್ಲ, ನೀನೂ ಹಾಗೇ ಒಳಗೇನಿದೆ ನೋಡು.

ಒಳಗಿರುವ ಪ್ರೊಸೆಸರ್ ಇಂಟೆಲ್ ಕಂಪನಿಯ ಸೆಲೆರಾನ್ ಎನ್4500. 2021ರದು, ಎರಡೇ ಕೋರ್, ಅಂದರೆ ಲೆಕ್ಕ ಮಾಡುವ ಘಟಕ ಎರಡೇ. 2023ರ ಲ್ಯಾಪ್‌ಟಾಪ್‌ಗಳಿಂದ ಇಂಟೆಲ್ ಸೆಲೆರಾನ್ ಎಂಬ ಹೆಸರನ್ನೇ ಕೈಬಿಟ್ಟಿತು. ಟೈಪ್ ಮಾಡಲು, ವಿಡಿಯೊ ನೋಡಲು ಅದು ಸಾಕು. ನೀನು ಜಾವಾ ಪ್ರೋಗ್ರಾಮಿಂಗ್ ಕಲಿಯುವವಳು. ಕೋಡ್ ಒಂದು ಕಡೆ, ಬ್ರೌಸರಿನಲ್ಲಿ ಹತ್ತು ಟ್ಯಾಬು, ಜೊತೆಗೆ ಆನ್‌ಲೈನ್ ಕ್ಲಾಸು ತೆರೆದರೆ ಏದುಸಿರು ಬಿಡುತ್ತದೆ. ಆರು ಕೋರಿನ ಇಂಟೆಲ್ ‘ಕೋರ್ ಐ3-1215ಯು’ ಪ್ರೊಸೆಸರ್ ಇರುವಂಥದ್ದು ಏಳೆಂಟು ಸಾವಿರ ಹೆಚ್ಚಾದರೂ, ಅದರ ಮೇಲೆ ಶೇ. 20 ಮಾತ್ರ ಡಿಸ್ಕೌಂಟ್ ಇದ್ದರೂ, ನನ್ನ ಲೆಕ್ಕದಲ್ಲಿ ಅದೇ ಅಗ್ಗ.

ಇಂಟೆಲ್ ಬದಲು ಎ.ಎಂ.ಡಿ. ಕಂಪನಿಯ ಪ್ರೊಸೆಸರ್ ತೋರಿಸಿದರೆ ಇನ್ನೂ ಹುಷಾರಾಗಿರು. ರೈಜೆನ್ 3 7320ಯು ಬಂದದ್ದು 2022ರಲ್ಲಾದರೂ ಒಳಗಿನ ಕೋರ್ 2019ರ ಝೆನ್ 2 ವಿನ್ಯಾಸದ್ದು. ಆ ಏಳು ಸಾವಿರದ ಸರಣಿಯಲ್ಲಿ ಮೂರನೇ ಅಂಕಿ ನೋಡಬೇಕು: 2 ಇದ್ದರೆ ಝೆನ್ 2, 3 ಇದ್ದರೆ ಝೆನ್ 3. ಕಂಪನಿಯೇ ಬಹಿರಂಗವಾಗಿ ಹೇಳಿದ ಲೆಕ್ಕವಿದು, ಕೌಂಟರಿನ ಹುಡುಗ ಮಾತ್ರ ಹೇಳುವುದಿಲ್ಲ. ಹಾಗಂತ ಅದು ಕೆಟ್ಟ ಚಿಪ್ಪೇನಲ್ಲ, ಹೊಸದರ ಬೆಲೆ ತೆರಬೇಡ ಅಷ್ಟೆ. ಅದರಲ್ಲಿ ರ್‍ಯಾಮ್ (ಕೆಲಸದ ಹೊತ್ತಿನ ಮೆಮೊರಿ) ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವಾಗ ಎಷ್ಟಿದೆಯೋ ಕೊನೆವರೆಗೂ ಅಷ್ಟೇ. ವಿಂಡೋಸ್ 11ಕ್ಕೆ 4 ಜಿ.ಬಿ. ಸಾಕು ಅಂತ ಮೈಕ್ರೋಸಾಫ್ಟ್ ಬರೆದಿದೆ, ನೀನು ಅದನ್ನು ನಂಬಿ ಕೂರಬೇಡ. 8ಕ್ಕಿಂತ ಕಡಿಮೆ ಬೇಡವೇ ಬೇಡ, ಬೆಸೆದದ್ದಾದರೆ 16ಕ್ಕೆ ಪ್ರಯತ್ನಿಸು.

ಫೈಲುಗಳನ್ನಿಡುವ 256 ಜಿ.ಬಿ. ಎಸ್.ಎಸ್.ಡಿ. ಸಾಲದೆ ಹೋದರೆ ಮುಂದೆ ದೊಡ್ಡದು ಹಾಕಿಸೋಣ. ಅದರ ಜಾಗದಲ್ಲಿ 'ಇಎಂಎಂಸಿ' ಅಂತಿದ್ದರೆ ಮಾತ್ರ ಬೇಡ, ನಿಧಾನ, ಬದಲಿಸಲೂ ಆಗದು. ಪರದೆ ಐ.ಪಿ.ಎಸ್. ಬಗೆಯದಿರಲಿ. ಟಿ.ಎನ್. ಪರದೆ ಪಕ್ಕದಿಂದ ನೋಡಿದರೆ ಬಣ್ಣವೇ ಕೆಡುತ್ತದೆ.

ನೋ-ಕಾಸ್ಟ್ ಇ.ಎಂ.ಐ. ಅಂತ ನಿಮ್ಮಪ್ಪ ಆಸೆಪಟ್ಟಿದ್ದಾರಂತೆ. ಬಡ್ಡಿಯಷ್ಟು ಮೊತ್ತವನ್ನು ಮೊದಲೇ ಬೆಲೆಯಲ್ಲಿ ಇಳಿಸಿರುತ್ತಾರೆ, ನಿಜ. ಆದರೆ ಆ ಬಡ್ಡಿಯ ಮೇಲೆ ಬ್ಯಾಂಕು ಶೇ. 18 ಜಿ.ಎಸ್.ಟಿ. ಹಾಕುತ್ತದೆ, ಪ್ರೊಸೆಸಿಂಗ್ ಫೀ ಇದ್ದರೆ ಅದೂ ಸೇರುತ್ತದೆ. ದೊಡ್ಡ ಮೊತ್ತವೇನಲ್ಲ, ಭಾವನವರಿಗೆ ಗೊತ್ತಿರಲಿ ಅಂತ ಬರೆದೆ.

ಇಪ್ಪತ್ತೆರಡು ಸಾವಿರ ದಾಟಲು ಆಗುವುದೇ ಇಲ್ಲವೆಂದರೆ ಇಲ್ಲಿ ಎಸ್.ಪಿ. ರೋಡಿದೆ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್‌ಗಳು ಅಲ್ಲಿ ಸಿಗುತ್ತವೆ, ಕೀಬೋರ್ಡು ನಿನ್ನ ಈ ಹೊಸದಕ್ಕಿಂತ ಎಷ್ಟೋ ವಾಸಿ. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ಜನರೇಶನ್ನಿಗಿಂತ ಹಳೆಯದು ಬೇಡ. ಅವಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗದು, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಬ್ಯಾಟರಿ ಬದಲಿಸುವ ಖರ್ಚನ್ನೂ ಸೇರಿಸಿಯೇ ಬೆಲೆ ಮಾತಾಡಬೇಕು, ಜಿ.ಎಸ್.ಟಿ. ಬಿಲ್ಲಿಲ್ಲದೆ ದುಡ್ಡು ಕೊಡಬಾರದು.

ಆ ಆಫರಿನ ಪೂರ್ತಿ ಮಾಡೆಲ್ ನಂಬರು ಕಳಿಸು, ಬೇರೆ ಅಂಗಡಿಗಳಲ್ಲಿ ಎಷ್ಟಿದೆ ವಿಚಾರಿಸುತ್ತೇನೆ. ಹಾಸ್ಟೆಲಿಗೆ ಸಾಮಾನು ತರುವ ದಿನವೇ ಕೊಳ್ಳುವುದಾದರೆ ನಾನೂ ಜೊತೆಗೆ ಬರುತ್ತೇನೆ. ಅಕ್ಕನಿಗೂ ಭಾವನವರಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ