ಬೈನಾಕ್ಯುಲರ್ ವಿಷಯ ಅಪ್ಪಯ್ಯನಿಗೆ ಓದಿ ಹೇಳು

ಅಮ್ಮನಿಗೆ ನಮಸ್ಕಾರ. ನಾವೆಲ್ಲ ಸೌಖ್ಯ. ನಿನ್ನ ಕಾಗದ ಸಿಕ್ಕಿತು.

ಕಣ್ಣಿನ ಪೊರೆ ತೆಗೆಸಿ ಒಂದೂವರೆ ತಿಂಗಳಾಯಿತು, ಗೇಟಿನ ಹತ್ತಿರ ಯಾರು ಬಂದರೂ ಗುರುತು ಸಿಗುತ್ತದೆ, ಆದರೆ ಬೈನಾಕ್ಯುಲರ್ ಹಿಡಿದರೆ ಎಲ್ಲ ಮಸುಕು, ಆಪರೇಷನ್ ಕೆಟ್ಟಿತು ಅಂತ ಅಪ್ಪಯ್ಯ ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ ಎಂದು ಬರೆದಿದ್ದೀ. ಬರಿಗಣ್ಣಿಗೆ ಸರಿ ಕಾಣುತ್ತದೆಂದರೆ ತಪ್ಪು ಬೈನಾಕ್ಯುಲರಿನ ಹಳೆಯ ಅಳತೆಯದ್ದೇ ಇರಬೇಕು. ಆಪರೇಷನ್ ಆದ ಬಲಗಣ್ಣಿನ ಪವರ್ ಬದಲಾಗಿದೆ, ಬೈನಾಕ್ಯುಲರಿನಲ್ಲಿ ಬಲಗಣ್ಣು ಇಡುವಲ್ಲಿ ಇರುವ, ತಿರುಗಿಸುವ ಬಳೆ ಮಾತ್ರ ಹಿಂದೆ ತಿರುಗಿಸಿಟ್ಟಲ್ಲೇ ಇದೆ.

ಜಗಲಿಯಲ್ಲಿ ಕೂತು, ಎದುರಿನ ತೆಂಗಿನ ಗರಿಯ ತುದಿ ನೋಡಲಿ. ಮುಂದಿನ ಬಲಗಾಜಿಗೆ ಮುಚ್ಚಳ ಹಾಕಿ, ಎಡಗಣ್ಣಿಗೆ ಗರಿ ಚೊಕ್ಕ ಕಾಣುವವರೆಗೆ ನಡುವಿನ ಚಕ್ರ ತಿರುಗಿಸಬೇಕು. ಆಮೇಲೆ ಮುಚ್ಚಳ ಎಡಕ್ಕೆ. ಈಗ ಚಕ್ರ ಮುಟ್ಟಬಾರದು, ಬಲಗಣ್ಣಿನ ಬಳಿಯ ಬಳೆಯನ್ನಷ್ಟೇ ತಿರುಗಿಸಬೇಕು. ಸರಿಯಾದಲ್ಲಿ ಪೆನ್ನಿನಿಂದ ಗೆರೆ ಹಾಕಿಡು. ಕನ್ನಡಕ ಬಿಟ್ಟಿದ್ದರೆ ಕಣ್ಣಿಡುವಲ್ಲಿನ ರಬ್ಬರ್ ಬಟ್ಟಲುಗಳನ್ನು ಮೇಲಕ್ಕೆತ್ತಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಕಪ್ಪು ನೆರಳು ಆಡುತ್ತದೆ. ಅದನ್ನೂ ಕಣ್ಣಿನ ದೋಷ ಅಂದುಕೊಂಡಾರು.

ಪರೀಕ್ಷೆಗೆ ನಮ್ಮ ಕೆಂಬೂತವೇ ಸಾಕು. ಬೆಳಿಗ್ಗೆ ಬೇಲಿಯ ಮೇಲೆ ರೆಕ್ಕೆ ಬಿಡಿಸಿ ಬಿಸಿಲು ಕಾಯಿಸುತ್ತದಲ್ಲ, ಅದರ ಕೆಂಪು ಕಣ್ಣು ಕಪ್ಪು ತಲೆಯಿಂದ ಬೇರೆಯಾಗಿ ಕಂಡರೆ ಫೋಕಸ್ ಸರಿ. ಆದರೆ ಅಂಗಳದ ಕಡೆ ಬೇಡ, ಅಲ್ಲಿ ಮೂಡಣ ಬಿಸಿಲಿಗೆ ಎದುರಾಗಿ ಹಕ್ಕಿಯೆಲ್ಲ ಬರೀ ಕಪ್ಪು. ಹಿತ್ತಲ ಮೆಟ್ಟಿಲಲ್ಲಿ ಪಡುವಣಕ್ಕೆ ಮುಖ ಮಾಡಿ ಕೂರಲಿ. ಸೂರ್ಯನತ್ತ ಬೈನಾಕ್ಯುಲರ್ ತಿರುಗಿಸುವುದು ಎಂದೆಂದಿಗೂ ಇಲ್ಲ. ದಾಸವಾಳಕ್ಕೆ ಬರುವ ಸೂರಕ್ಕಿ ಹೂವಿನ ಬುಡಕ್ಕೇ ಕೊಕ್ಕು ಚುಚ್ಚಿ ಮಕರಂದ ಹೀರುವುದೂ ಅಲ್ಲಿಂದ ಕಾಣುತ್ತದೆ.

ಮಲ್ಪೆ ಕಡಲತೀರದ ಗಲ್ ಹಕ್ಕಿಗಳನ್ನು ನೋಡುವುದಕ್ಕೂ ಬೆಳಗೇ ಆಗಬೇಕು, ಸಂಜೆ ಸೂರ್ಯ ಕಡಲ ಮೇಲಿರುತ್ತಾನೆ. ಕಂದುತಲೆ ಗಲ್‌ಗೆ ಈ ಚಳಿಗಾಲದಲ್ಲಿ ತಲೆ ಬೆಳ್ಳಗೆ, ಕಣ್ಣ ಹಿಂದೊಂದು ಕಪ್ಪು ಮಚ್ಚೆ. ಆದರೆ ಗಾಳಿಗೆ ಮರಳು ಹಾರುವ ಜಾಗ, ಡಾಕ್ಟರು ಹೂಂ ಅನ್ನುವ ತನಕ ಬೇಡ.

ಈ ಇಂಗ್ಲೆಂಡಿನಲ್ಲಿ 1979ರಿಂದ ಪ್ರತಿ ಜನವರಿ ಜನ ಕಿಟಕಿಯ ಬಳಿ ಒಂದು ಗಂಟೆ ಕೂತು ಹಿತ್ತಲ ಹಕ್ಕಿ ಎಣಿಸುತ್ತಾರೆ. ಲೆಕ್ಕ ಒಳ್ಳೆಯದಿದೆ: ಒಂದೇ ಸಲಕ್ಕೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆಯುವುದು. ಎರಡು ಪಿಕಳಾರ ಹತ್ತು ಸಲ ಬಂದರೂ ಎರಡೇ. ಅಪ್ಪಯ್ಯನೂ ಹಾಗೇ ಬರೆಯಲಿ, ನಮ್ಮ ಹಿತ್ತಲು ಇಲ್ಲಿನ ಯಾವ ತೋಟಕ್ಕೂ ಕಡಿಮೆಯಲ್ಲ.

ಗಾಬರಿ ಏನೂ ಬೇಡಮ್ಮ, ಖಂಡಿತ ಬೇಡ. ಆದರೆ ನೋವು, ಕೆಂಪು, ಮಿಂಚಿದಂತೆ ಬೆಳಕು, ಒಮ್ಮೆಲೇ ಕಪ್ಪು ಚುಕ್ಕೆಗಳು, ಪರದೆ ಇಳಿದಂತೆ ನೆರಳು, ಇದರಲ್ಲಿ ಒಂದು ಕಂಡರೂ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಮರುದಿನಕ್ಕೆ ಇಡಬೇಡ. ಬಳೆ ತಿರುಗಿಸಿದ ಮೇಲೂ ಮಸುಕಿದ್ದರೆ ಫೋನ್ ಮಾಡು, ರಾತ್ರಿಯಾದರೂ ಸರಿ.

ಪುಟ್ಟಿಯ ವಿಷಯ ಮುಂದಿನ ಕಾಗದದಲ್ಲಿ. ಬಸ್ಸಿಗೆ ಹೊತ್ತಾಯಿತು.

ನಿನ್ನ ಮಗ,
ರಾಘು