ಎಂಜಿನ್ ಬದಲಾದ ಹಳೆ ಕಾರಿಗೂ ದಾರಿ ತೋರಿಸಿ

ಮಾನ್ಯರೆ,

ನಮ್ಮ ಮನೆಯಲ್ಲಿ ಅಪ್ಪನ 1968ರ ಅಂಬಾಸಡರ್ ಇದೆ. ಪೆಟ್ರೋಲ್ ಎಂಜಿನ್ ಕೆಟ್ಟಾಗ ಡೀಸೆಲ್ ಎಂಜಿನ್ ಕೂರಿಸಿದರು. ಆರ್‌ಸಿಯಲ್ಲಿ ಇವತ್ತಿಗೂ ಪೆಟ್ರೋಲ್ ಅಂತಲೇ ಇದೆ.

ಹೊಗೆ ತಪಾಸಣೆಯಲ್ಲಿ ಪೆಟ್ರೋಲ್ ಗಾಡಿಯಾದರೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ. ಡೀಸೆಲ್ ಆದರೆ ಹೊಗೆ ಎಷ್ಟು ದಟ್ಟ ಅಂತ ನೋಡುತ್ತಾರೆ. ದಾಖಲೆ ಒಂದು, ಎಂಜಿನ್ ಇನ್ನೊಂದು ಆದರೆ ಆ ತಪಾಸಣೆಗೆ ಅರ್ಥವೇನು? ಇಂಧನ ಯಾವುದೆಂದು ತೋರಿಸಲು ಮುಂದಿನ ಗಾಜಿಗೆ ಅಂಟಿಸುವ ಸ್ಟಿಕ್ಕರ್ ಕೂಡ ಬೇರೆ: ಪೆಟ್ರೋಲಿಗೆ ತಿಳಿ ನೀಲಿ, ಡೀಸೆಲ್‌ಗೆ ಕಿತ್ತಳೆ. ಅದಿರಿನ ದೂಳು ಕುಡಿದ ಬಳ್ಳಾರಿಯಲ್ಲಿ ಹೊಗೆಯ ಲೆಕ್ಕ ಸರಿ ಇರಲೇಬೇಕು, ಅಲ್ವಾ?

50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ವಿಂಟೇಜ್ ವಾಹನವೆಂದು ‘ವಿಎ’ ಸರಣಿಯ ನೋಂದಣಿ ಬಂತು. ಆದರೆ ಎಂಜಿನ್, ಚಾಸಿ, ಬಾಡಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಮ್ಮ ಕಾರು ಅದಕ್ಕೆ ಸೇರುವುದಿಲ್ಲ. ಅದನ್ನು ಒಪ್ಪುತ್ತೇನೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಿಸಲು ಅನುಮತಿ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ನಾವು ಮಾಡಿಸಲಿಲ್ಲ, ತಪ್ಪು ನಮ್ಮದೇ. ಈಗ ಸರಿಪಡಿಸೋಣ ಎಂದರೆ ಒಬ್ಬೊಬ್ಬ ಏಜೆಂಟ್ ಒಂದೊಂದು ಕಾಗದ ಕೇಳುತ್ತಾನೆ. ಯಾವ ದಾಖಲೆ, ಎಷ್ಟು ಶುಲ್ಕ ಎಂದು ಆರ್‌ಟಿಒ ಕಚೇರಿ ಕನ್ನಡದಲ್ಲಿ ಬೋರ್ಡ್ ಹಾಕಲಿ. ಸಿರುಗುಪ್ಪ, ಸಂಡೂರಿನಲ್ಲೂ ತಿಂಗಳಿಗೊಂದು ದಿನ ಹಳೆ ಗಾಡಿಗಳ ತಪಾಸಣೆ ನಡೆಸಲಿ.

– ಒಬ್ಬ ಓದುಗ, ಕೌಲ್ ಬಜಾರ್, ಬಳ್ಳಾರಿ